ಇನ್ನು ಮುಂದೆ ಬೆಂಡೆ, ಹೀರೆ ಸಸಿ ಇಲ್ಲ, ಬೀಜ ಮಾತ್ರ

ಕೈತೋಟದ ಗೆಳೆಯರಿಗೆ ನಮಸ್ಕಾರ.

ಸಂಕ್ರಾಂತಿ ಮುಗಿಯಿತೆಂದರೆ ನಮ್ಮ ನರ್ಸರಿಗೆ ಬರುವ ಫೋನ್‌ಗಳಲ್ಲಿ ಒಂದೇ ಪ್ರಶ್ನೆ: ‘ಬೇಸಿಗೆ ಸಸಿ ಯಾವಾಗ?’ ಈ ಸಲ ಉತ್ತರ ಸ್ವಲ್ಪ ಬೇರೆ. ಟೊಮೆಟೊ, ಬದನೆ, ಮೆಣಸಿನಕಾಯಿ ಸಸಿ ಎಂದಿನಂತೆ ಫೆಬ್ರವರಿ ಮೊದಲ ವಾರದಿಂದ ಸಿಗುತ್ತವೆ. ಬೆಂಡೆ, ಹೀರೆ, ಹಾಗಲ, ಸೌತೆ, ಬೀನ್ಸ್ ಸಸಿ ಇನ್ನು ಮಾರುವುದಿಲ್ಲ. ಅವುಗಳ ಬೀಜ ಕೊಡುತ್ತೇವೆ.

ಕಳೆದ ಮಾರ್ಚ್‌ನಲ್ಲಿ ನಿಮ್ಮಲ್ಲಿ ಹಲವರು ಕಳಿಸಿದ ಫೋಟೊಗಳು ಇನ್ನೂ ನಮ್ಮ ಫೋನಿನಲ್ಲಿವೆ. ಗೇಣುದ್ದದ ಬೆಂಡೆ ಗಿಡ, ತುದಿಯಲ್ಲಿ ಒಂದೇ ಒಂದು ಹೂವು. ‘ಗೊಬ್ಬರ ಕಮ್ಮಿ ಆಯ್ತಾ?’ ಅಂತ ಕೇಳಿದ್ದಿರಿ. ಗೊಬ್ಬರ ಸರಿಯಾಗಿಯೇ ಇತ್ತು, ತಪ್ಪು ನಮ್ಮದು.

ಬೆಂಡೆ ಮೊಳೆತ ಕೂಡಲೇ ತಾಯಿಬೇರನ್ನು ನೇರ ಕೆಳಕ್ಕೆ ಇಳಿಸುತ್ತದೆ. ನಮ್ಮ 98 ಕುಳಿಯ ಟ್ರೇಯಲ್ಲಿ ಅದಕ್ಕೆ ಸಿಗುವುದು ಎರಡು ಇಂಚಿನಷ್ಟು ಆಳ. ತಳ ಮುಟ್ಟಿದ ಬೇರು ಸುತ್ತಿಕೊಳ್ಳುತ್ತದೆ. ಆಮೇಲೆ ಎಷ್ಟು ದೊಡ್ಡ ಕುಂಡಕ್ಕೆ ಹಾಕಿದರೂ ಗಿಡ ಮುನಿಸಿಕೊಂಡಂತೆ ನಿಂತುಬಿಡುತ್ತದೆ. ಹೀರೆ, ಹಾಗಲಕ್ಕೂ ಬೇರು ಹರಿದರೆ ಬೇಗ ಚೇತರಿಕೆ ಇಲ್ಲ. ರೈತರು ಟ್ರೇಯಲ್ಲಿ ಬೆಳೆಸಿದ ಸೌತೆ ಸಸಿ ನೆಡುವುದಿಲ್ಲವೇ ಅಂದರೆ, ನೆಡುತ್ತಾರೆ. ಎರಡೆಲೆ ಬಂದಾಗ ಒಯ್ದು ಅವತ್ತೇ ಹೊಲಕ್ಕೆ ಹಾಕುತ್ತಾರೆ. ನಮ್ಮ ಸಸಿ ಶನಿವಾರ ನಿಮ್ಮ ಬಾಲ್ಕನಿಗೆ ಬಂದು ಮುಂದಿನ ಭಾನುವಾರದವರೆಗೆ ಕಾಯುತ್ತದೆ, ಅಲ್ವಾ?

ಟೊಮೆಟೊ, ಬದನೆ, ಮೆಣಸಿನ ಜಾತಿ ಬೇರೆ. ಅವಕ್ಕೆ ಕಿತ್ತು ನೆಟ್ಟರೂ ಹೊಸ ಬೇರು ಬರುತ್ತದೆ. ಬಿಸಿಲು ಏರಿದಂತೆ ಬಿಳಿ ನೊಣ ಜಾಸ್ತಿಯಾಗಿ ಟೊಮೆಟೊಗೆ ಎಲೆ ಮುದುಡು ರೋಗ ಹರಡುತ್ತದೆ. ಅದಕ್ಕೇ ಆ ರೋಗವನ್ನು ತಡೆಯುವ ಅರ್ಕಾ ರಕ್ಷಕ್ ಸಸಿಯನ್ನೇ ಬೆಳೆಸುತ್ತಿದ್ದೇವೆ. ಅದು ಎರಡು ತಳಿ ಬೆರೆಸಿ ಮಾಡಿದ ಹೈಬ್ರಿಡ್, ಅದರ ಬೀಜದಿಂದ ಅದೇ ಗುಣದ ಗಿಡ ಬರುವುದಿಲ್ಲ, ಹಾಗಾಗಿ ಬೀಜ ಎತ್ತಿಡಬೇಡಿ. ಬೆಂಡೆಯಲ್ಲಿ ಕೊಡುವುದು ಅರ್ಕಾ ಅನಾಮಿಕ. ಎರಡೂ ಹೆಸರಘಟ್ಟದ ಐಐಎಚ್‌ಆರ್ (ಭಾರತೀಯ ತೋಟಗಾರಿಕಾ ಸಂಶೋಧನಾ ಸಂಸ್ಥೆ) ತಳಿಗಳೇ. ಅನಾಮಿಕ ಹೈಬ್ರಿಡ್ ಅಲ್ಲ. ನಾಲ್ಕು ಕಾಯಿ ಬಲಿಯಲು ಬಿಟ್ಟರೆ ಮುಂದಿನ ವರ್ಷ ಬೀಜಕ್ಕೆ ನಮ್ಮ ಹತ್ತಿರ ಬರುವುದೇ ಬೇಡ. ವ್ಯಾಪಾರದವರು ಹೇಳುವ ಮಾತಲ್ಲ, ಗೊತ್ತು.

ಒಂದು ಸಸಿಗೆ 5 ರೂಪಾಯಿ ಕೊಡುತ್ತಿದ್ದಿರಿ. ಈಗ 20 ರೂಪಾಯಿ ಪೊಟ್ಟಣದಲ್ಲಿ 30 ಬೆಂಡೆ ಬೀಜ ಇರುತ್ತದೆ.

ಬೀಜ ತಂದ ದಿನವೇ ಹಾಕುವ ಆತುರ ಬೇಡ. ಬೆಂಗಳೂರಿನ ಜನವರಿ ರಾತ್ರಿಗಳಲ್ಲಿ ಮಣ್ಣು ತಣ್ಣಗಿರುತ್ತದೆ, ಬೆಂಡೆ ಬೀಜ ಮೊಳೆಯದೆ ಕೊಳೆಯುತ್ತದೆ. ಶಿವರಾತ್ರಿಗೆ ಚಳಿ ಶಿವಶಿವಾ ಅಂತ ಓಡುತ್ತದಲ್ಲ, ಅಷ್ಟು ದಿನ ಕಾಯಬೇಕಿಲ್ಲ, ಫೆಬ್ರವರಿ ಎರಡನೇ ವಾರ ಸಾಕು. ಅಲ್ಲಿಯವರೆಗೆ ಕುಂಡ ಸಿದ್ಧ ಮಾಡಿಕೊಳ್ಳಿ. ಮುಗಿದ ಅವರೆ ಗಿಡವನ್ನು ಕೀಳಬೇಡಿ, ಬುಡಕ್ಕೆ ಕತ್ತರಿಸಿ. ಬೇರಿನ ಗಂಟುಗಳಲ್ಲಿರುವ ಸಾರಜನಕ ಮಣ್ಣಿಗೇ ಸೇರಲಿ. ಮೇಲಿನ ಮಣ್ಣು ಸಡಿಲಿಸಿ ನಾಲ್ಕು ದಿನ ಬಿಸಿಲಿಗೆ ಬಿಡಿ. ಆಮೇಲೆ ಕಳಿತ ಕೊಟ್ಟಿಗೆ ಗೊಬ್ಬರ, ಒಂದು ಹಿಡಿ ಬೇವಿನ ಹಿಂಡಿ ಬೆರೆಸಿ. ಈ ದಿನಗಳಲ್ಲಿ ಹೊಂಗೆ ಎಲೆ ರಸ್ತೆ ತುಂಬ ಉದುರುತ್ತದೆ. ಗುಡಿಸಿ ಬೆಂಕಿ ಹಚ್ಚುವವರಿಗಿಂತ ಮುಂಚೆ ಒಂದು ಚೀಲ ತುಂಬಿಟ್ಟುಕೊಳ್ಳಿ. ಮಾರ್ಚ್ ಬಿಸಿಲಿಗೆ ಬುಡಕ್ಕೆ ಹೊದಿಸಲು ಅದಕ್ಕಿಂತ ಒಳ್ಳೆಯದಿಲ್ಲ.

ಬೆಂಡೆ, ಹೀರೆ, ಹಾಗಲದ ಬೀಜ ರಾತ್ರಿ ನೀರಲ್ಲಿ ನೆನೆಯಲಿ. ಬೀನ್ಸ್ ನೆನೆಸಬೇಡಿ, ಸಿಪ್ಪೆ ಒಡೆದು ಕೊಳೆಯುತ್ತದೆ. ಅರ್ಧ ಇಂಚಿನಿಂದ ಒಂದು ಇಂಚು ಆಳ, ಒಂದೊಂದು ಗುಳಿಯಲ್ಲಿ ಎರಡು ಬೀಜ. ಎರಡೂ ಬಂದರೆ ಸಣಕಲಾದದ್ದನ್ನು ಕತ್ತರಿಯಿಂದ ಕತ್ತರಿಸಿ. ಎಳೆದರೆ ಪಕ್ಕದ್ದರ ಬೇರೂ ಅಲ್ಲಾಡುತ್ತದೆ. ಅಳಿಲಿನ ಕಾಟವಿದ್ದರೆ ಮೊಳಕೆ ಕಾಣುವವರೆಗೆ ತೆಂಗಿನ ಕರಟ ಬೋರಲು ಹಾಕಿ. ನಮ್ಮಲ್ಲಿ ಈ ಉಪಾಯ ಅರ್ಧದಷ್ಟು ಸಲ ಫಲಿಸಿದೆ, ಉಳಿದರ್ಧ ಅಳಿಲೇ ಗೆದ್ದಿದೆ.

ಈಗಾಗಲೇ ಬೆಂಡೆ, ಬಳ್ಳಿ ಸಸಿಗೆ ಮುಂಗಡ ಕೊಟ್ಟವರು ಹಣ ವಾಪಸ್ ಪಡೆಯಬಹುದು, ಇಲ್ಲವೇ ಅಷ್ಟೇ ಬೆಲೆಯ ಬೀಜ, ಗೊಬ್ಬರ ಒಯ್ಯಬಹುದು. ಬರುವಾಗ ಹಳೆಯ ಟ್ರೇ ಮನೆಯಲ್ಲಿದ್ದರೆ ದಯವಿಟ್ಟು ತನ್ನಿ, ಟೊಮೆಟೊ ಹಾಕಲು ಸಾಲುತ್ತಿಲ್ಲ.

ನಿಮ್ಮ,
ನರ್ಸರಿಯವರು