ಮಗಳಿಗೊಂದು ಪತ್ರ: ದೀಪಾವಳಿಗೆ ಬಾ, ಬಂದಕೂಡ್ಲೆ ಕೇಜಿನಾಗ ಕೈ ಹಾಕಬ್ಯಾಡ

ಪುಟ್ಟವ್ವಾ,

ಫೋನ್ ಮಾಡಿದ್ರ ಎರಡು ಮಿನಿಟ್‌ನಾಗ "ಆಮ್ಯಾಲ ಮಾಡ್ತೀನವ್ವಾ, ಕ್ಲಾಸ್ ಐತಿ" ಅಂತ ಇಟ್ಟಬಿಡ್ತಿ, ಅದಕ್ಕ ಕುಂತು ಟೈಪ್ ಮಾಡಾಕತ್ತೇನಿ, ಬಸ್ಸಿನಾಗ ಬರೋವಾಗ ಪೂರ್ತಿ ಓದು. ನೀ ದೀಪಾವಳಿಗೆ ಬರ್ತಿ ಅಂದ್ರ ಎಷ್ಟು ಖುಷಿ ಐತೋ ಅಷ್ಟ ಅಂಜಿಕಿನೂ ಐತಿ, ನಿನ್ನ ಗೊತ್ತಿಲ್ಲೇನ ನನಗ, ಬ್ಯಾಗ್ ಒಗದು ಕಾಲು ತೊಳ್ಯೋಕಿಂತ ಮೊದ್ಲ ಮಿರ್ಚಿ-ಗಿರ್ಮಿಟ್ ಕೇಜಿನ ಬಾಗಲಾ ತಗದಿರ್ತಿ. ತಗೀಬ್ಯಾಡ. ಈ ಬಜಿ ಗಿಳಿ ಜೋಡಿನ ಪಳಗಿಸಿದ ನಾಕು ತಿಂಗಳ ಕೆಲಸ ನಾಕು ಸೆಕೆಂಡ್‌ನಾಗ ಹೋಕ್ಕೈತಿ.

ಮೊದ್ಲು ನಂದ ತಪ್ಪು ಹೇಳಿಬಿಡ್ತೀನಿ, ಫೋನಿನಾಗ ಹೇಳಿದ್ದಿಲ್ಲ. ನೀ ಕಾರಹುಣ್ಣಿವಿ ಮುಗಿಸಿ ಹಾಸ್ಟೆಲ್‌ಗೆ ಹೋದಿ, ಮಣ್ಣೆತ್ತಿನ ಅಮಾಸಿ ದಿವ್ಸ ನಾ ಒಂದು ವಿಡಿಯೋ ನೋಡ್ದೆ, ಹಕ್ಕಿನ ಟವೆಲ್‌ನಾಗ ಹಿಡಕೊಂಡು ಹತ್ತು ಮಿನಿಟ್ ಕೈಯಾಗ ಇಟ್ಕೊಂಡ್ರ ತಾನ ರೂಢಿ ಆಕ್ಕೈತಿ ಅಂತ ಯಾವನೋ ಪುಣ್ಯಾತ್ಮ ಹೇಳಿದ್ದ. ಹಿಡದೆ. ಗಿರ್ಮಿಟ್ ಸಿಕ್ಕಳು, ಮುಷ್ಟಿ ಒಳಗ ಅದರ ಎದಿ ಹೆಂಗ ಹೊಡ್ಕೊಳ್ತಿತ್ತು ಅಂದ್ರ ನನ್ನ ಮಷೀನಿನ ಸೂಜಿ ಫುಲ್ ಸ್ಪೀಡಿನಾಗ ಓಡ್ದಂಗ, ಬಾಯಿ ತಕ್ಕೊಂಡು ತೇಕಾಕತ್ತಿತ್ತು, ಬಿಟ್ಟೆ, ಬಿಟ್ಟಾಗ ಬಾಲದ ಎರಡು ಪುಚ್ಚ ಟವೆಲ್‌ನಾಗ ಉಳದಿದ್ವು. ಅವತ್ತಿಂದ ನಾ ಆ ಖೋಲಿಗೆ ಹೋದ್ರ ಸಾಕು, ಎರಡೂ ಕೇಜಿನ ಆ ಮೂಲಿಗೆ ಹೋಗಿ ಅಂಟ್ಕೊಂಡು, ಮೈ ಸಣ್ಣ ಮಾಡಿ ಕಡ್ಡಿ ಹಂಗ ನಿಂದ್ರೋವು. ಟವೆಲ್ ಬ್ಯಾಡ, ಬರೇ ಹೆಗಲ ಮ್ಯಾಲ ಅರಿವಿ ಇದ್ರೂ ಹಂಗ. ನಿಮ್ಮಪ್ಪ ಒಂದು ವಾರ ನನ್ನ ಮಾರಿ ನೋಡಿ ನಕ್ಕಿದ್ದ ನಕ್ಕಿದ್ದು.

ಆಮ್ಯಾಲ ತಲಿಗೆ ಹೋತು. ಮೂವತ್ತು ನಲವತ್ತು ಗ್ರಾಂ ಜೀವ ಅದು, ಇವುಗಳ ಊರು ಆಸ್ಟ್ರೇಲಿಯಾ, ಅಲ್ಲಿ ಒಣ ಬಯಲಾಗ ಸಾವಿರಗಟ್ಟಲೆ ಗುಂಪು ಕಟ್ಕೊಂಡು ತಿರುಗೋ ಹಕ್ಕಿ, ಮ್ಯಾಲಿಂದ ಬರೋದು ಅಂದ್ರ ಗಿಡಗ ಅಷ್ಟ. ನಮ್ಮ ಕೈ ಮ್ಯಾಲಿಂದ ಇಳದ್ರ ಅದಕ್ಕ ಕೈ ಕಾಣೂದಿಲ್ಲ, ಗಿಡಗ ಕಾಣ್ತೈತಿ. ನಾವು ಕೇಜ್ ಎಲ್ಲಿ ಇಟ್ಟಿದ್ವಿ, ನೆಲದ ಮ್ಯಾಲ, ನಡು ಹಾಲಿನಾಗ, ಎಲ್ಲಾ ಕಡಿಂದನೂ ಮಂದಿ ಓಡ್ಯಾಡೋ ಜಾಗಾದಾಗ! ಈಗ ನನ್ನ ಹೊಲಿಗಿ ಮಷೀನಿನ ಬಾಜು ಸ್ಟೂಲಿನ ಮ್ಯಾಲ ಐತಿ, ನಮ್ಮ ಕಣ್ಣಿನ ಮಟ್ಟಕ್ಕ, ಒಂದು ಬಾಜು ಗ್ವಾಡಿಗೆ ಹತ್ತಿಸಿ.

ಎರಡು ವಾರ ನಾ ಏನೂ ಮಾಡ್ಲಿಲ್ಲ. ಖರೇನ, ಏನೂ ಇಲ್ಲ. ಬ್ಲೌಸ್ ಹೊಲ್ಕೋತ ಅವುಗಳ ಕಡಿ ನೆಟ್ಟಗ ನೋಡ್ದಂಗ ಮಾತಾಡ್ತಿದ್ದೆ, ಗಿರಾಕಿ ಬೈದದ್ದು, ಅಸ್ತರ್ ಅರಿವಿ ರೇಟು, ನಿನ್ನ ಫೀಸು, ಎಲ್ಲಾ ಅವುಕ್ಕ ಗೊತ್ತು ಈಗ. ಮಷೀನ್ ಟಕಟಕ ಶುರು ಆದ್ರ ಅವೂ ಚಿಲಿಪಿಲಿ ಶುರು ಮಾಡ್ತಾವ, ನಿಂತ್ರ ನಿಲ್ತಾವ. ಅದ ನನ್ನ ಮೊದಲ್ನೇ ದೋಸ್ತಿ ಅನ್ನು.

ನಿನಗ ನೆನಪೈತೇನ, ನೀ ಮೂರ್ನೇತ್ತೆ ಇದ್ದಾಗ ಶಿರಹಟ್ಟಿ ತಾಲೂಕಿನ ಮಾಗಡಿ ಕೆರಿಗೆ ಹೋಗಿದ್ವಿ, ಚಳಿಗಾಲಕ್ಕ ಹಿಮಾಲಯ ದಾಟಿ ಬರೋ ಪಟ್ಟೆ ತಲಿ ಬಾತುಗಳನ್ನ ನೋಡಾಕ (2024ರಾಗ ಆ ಕೆರಿ ಜಗತ್ತಿನ ಮುಖ್ಯ ಕೆರಿ-ಜೌಗು ಜಾಗಗಳ ರಾಮ್‌ಸಾರ್ ಪಟ್ಟಿಗೂ ಸೇರೈತಿ ನೋಡ). ನೀ ದಂಡಿ ಮ್ಯಾಲ ಒಂದೊಂದ ಹೆಜ್ಜಿ ಮುಂದ ಹೋಗ್ತಿದ್ದಿ, ಒಂದು ಜಾಗಾಕ್ಕ ಬಂದಕೂಡ್ಲೆ ಎಲ್ಲಾ ಬಾತೂ ಒಮ್ಮಿಗೇ ಕುತ್ಗಿ ಎತ್ತಿದ್ವು, ಒಂದು ಹೆಜ್ಜಿ ಹಿಂದ ಬಂದಿ, ಮತ್ತ ಮೇಯಾಕತ್ತಿದ್ವು. ಅಂಜಿಕಿ ಶುರು ಆಗೋ ಆ ಗೆರಿ ನಮ್ಮ ಕೇಜಿಗೂ ಐತಿ. ನಾ ಗೆರಿ ತನಕ ಕೈ ಒಯ್ದು ನಿಂದರ್ತಿದ್ದೆ, ಅವು ಮೈ ಸಡಿಲು ಬಿಟ್ಟು ಪುಚ್ಚ ಒಮ್ಮೆ ಝಾಡಿಸಿದ್ರ ನಾನ ಕೈ ಹಿಂದಕ್ಕ ತಗೋತಿದ್ದೆ, ಹಿಂಗ ದಿನಾ ಎರಡ್ಹೊತ್ತು ಹತ್ತತ್ತು ಮಿನಿಟ್. ಅಂಜಿ ಹಾರಾಕತ್ತಿದಾಗ ಕೈ ತಗದ್ರ, "ಹಾರಿದ್ರ ಕೈ ಹೋಕ್ಕೈತಿ" ಅಂತ ಕಲೀತಾವ, ಅದಕ್ಕ ಅಷ್ಟು ಮಟಾ ಹೋಗೂದ ಬ್ಯಾಡ, ಮೊದ್ಲ ನಿಂದ್ರಬೇಕು. ಇದು ಬರೆಯೋಕ ಸಲೀಸು, ಕೈ ಜೋಮು ಹಿಡಿತೈತಿ ಹೇಳ್ತೇನಿ.

ಲಂಚ ಏನಂದ್ರ ನವಣಿ ತೆನಿ. ದೊಡ್ಡ ಊರಿನ ಪೆಟ್ ಅಂಗಡ್ಯಾಗ ಮಿಲ್ಲೆಟ್ ಸ್ಪ್ರೇ ಅಂತ ಪ್ಯಾಕೆಟ್ ಮಾಡಿ ಮಾರ್ತಾರಲ್ಲ ಅದು ನಮ್ಮ ನವಣಿನ, ನಿಮ್ಮ ಮಾವನ ಹೊಲದ್ದು ಹ್ವಾದ ವರ್ಷದ ತೆನಿ ಅಟ್ಟದಾಗ ಇತ್ತು. ಬಟ್ಟಲದಾಗ ದಿನದ ಕಾಳು ಇದ್ದ ಇರ್ತೈತಿ, ಉಪಾಸ ಕೆಡವಿ ಕಲಿಸೂದಲ್ಲ, ಆದ್ರ ತೆನಿ ಮಾತ್ರ ಕೈಯಿಂದ ಅಷ್ಟ, ಕೇಜಿನಾಗ ಕಟ್ಟಿಬಿಟ್ರ ನಮ್ಮ ಕೈಗೆ ಕಿಮ್ಮತ್ತ ಇಲ್ಲ. ಪಂಚಮಿ ದಿವ್ಸ, ನಾ ಉಂಡಿ ಕಟ್ಟಿ ಬಂದು ಕುಂತಿದ್ದೆ, ಮಿರ್ಚಿ ಕುತ್ಗಿ ಉದ್ದ ಮಾಡಿ, ಕಾಲು ಅಲ್ಲೇ ಇಟ್ಟು, ಒಂದ ಕಾಳು ಎಳಕೊಂಡ. ನಾ ಉಸರ ಬಿಟ್ಟಿಲ್ಲ. ಗಿರ್ಮಿಟ್‌ಗೆ ಇನ್ನೂ ಮೂರು ವಾರ ಬೇಕಾತು, ಟವೆಲ್ ಆಕಿ ಮರ್ತಿಲ್ಲ. ಮಿರ್ಚಿ ತಿನ್ನೂದನ್ನ ನೋಡಿ ನೋಡಿ ಹೊಟ್ಟಿಕಿಚ್ಚಿಗೆ ಬಂದಳು ಅಂತ ನನ್ನ ಅಂದಾಜು. ಜೋಡಿ ಇದ್ರ ಪಳಗೋದು ತಡಾ ಅಂತಾರ, ಅವುಕ್ಕ ನಾವು ಬೇಕಾಗಿಲ್ಲಲ್ಲ, ಆದ್ರ ಅಂಜೋದನ್ನ ಧೈರ್ಯದ್ದು ಎಳಕೊಂಡೂ ಬರ್ತೈತಿ.

ದಸರಾಕ್ಕ ಬೆರಳು ಹತ್ತಿಸಿದೆ. ಬೆರಳು ಅಡ್ಡ ಹಿಡದು, ಕಾಲಿನ ಮ್ಯಾಲ ಹೊಟ್ಟಿ ಕೆಳಗ ಮೆತ್ತಗ ತಾಗಿಸಿ "ಹತ್ತು" ಅನ್ನೂದು, ತೆನಿ ಬೆರಳಿನ ಆಕಡಿ ಹಿಡಿಯೂದು, ಕಾಲು ಇಡದ ಹೊರ್ತು ಕೊಕ್ಕು ಮುಟ್ಟಬಾರ್ದು ಅಷ್ಟು ದೂರ. ಮೊದ್ಲು ಮಿರ್ಚಿ ಒಂದ ಕಾಲು ಇಟ್ಟ, ಅದಕ್ಕೂ ತೆನಿ ಕೊಟ್ಟೆ. ಬೆರಳಿಗೆ ಕೊಕ್ಕು ಹಚ್ಚಿದ್ರ ಕಡೀತಾನ ಅಂತ ಝಗ್ ಅಂತ ಜಗ್ಗಬ್ಯಾಡ, ಗಿಳಿ ಜಾತಿ ಕೊಂಬಿಗೆ ಹತ್ತೋ ಮೊದ್ಲು ಕೊಕ್ಕಿನಿಂದ ಗಟ್ಟಿ ಐತೋ ಇಲ್ಲೋ ನೋಡ್ತಾವ.

ಹಾಂ, ಒಂದು ಮಜಾ ಹೇಳೂದ ಮರ್ತೆ. ಕೊಕ್ಕಿನ ಬುಡಕ್ಕ ಮೂಗಿನ ಹೊಳ್ಳಿ ಇರೋ ಜಾಗ ಈಗ ಮಿರ್ಚಿದು ನೀಲಿ ಆಗೈತಿ, ಗಿರ್ಮಿಟ್‌ದು ಕಂದು, ಅಂದ್ರ ನೀ ಹೆಸರಿಟ್ಟಾಗ ಅಂದದ್ದ ಖರೆ, ಗಂಡು ಹೆಣ್ಣು. ಗಂಡು ಮಾತು ಜಾಸ್ತಿ ಕಲೀತಾವಂತ. ನಿಮ್ಮಪ್ಪ ಎಲ್ಲೋ ಓದ್ಯಾನ, ಕ್ಯಾಲಿಫೋರ್ನಿಯಾದಾಗ ಪಕ್ ಅನ್ನೋ ಬಜಿಗೆ 1,728 ಶಬ್ದ ಗೊತ್ತಿದ್ವು, ಗಿನ್ನೆಸ್ ಬುಕ್ಕಿನಾಗ ಐತಿ ಅಂತ, ಅವತ್ತಿಂದ ದಿನಾ ಸಂಜಿಕಿ ಕೇಜಿನ ಮುಂದ ಕುಂತು "ಊಟಾ ಆತೇನ್ರಿ, ಊಟಾ ಆತೇನ್ರಿ". ಮಿರ್ಚಿ ಒಂದಕ್ಷರ ಅಂದಿಲ್ಲ, ಬಾಜು ಮನಿ ಕೂಸು ಕಲ್ತು ಹೋದ್ಬಂದವರಿಗೆಲ್ಲಾ ಕೇಳಾಕತ್ತೈತಿ. ಇಡೀ ಬೆಟಗೇರಿ ಓಣಿ ಇವನ್ನ ಲವ್ ಬರ್ಡ್ಸ್ ಅಂತಾರ, ಅವು ಬ್ಯಾರೆ, ಆಫ್ರಿಕಾದ್ದು, ಹೇಳಿ ಹೇಳಿ ಸಾಕಾಗಿ ನಾನೂ ಹ್ಞೂಂ ಅಂತೇನಿ.

ಈಗ ನೀ ಬಂದಮ್ಯಾಲಿಂದು. ಮೊದಲ್ನೇ ದಿನ ಮಷೀನಿನ ಬಾಜು ಕುಂತು ಮೊಬೈಲ್ ನೋಡು ಅಷ್ಟ, ಅವು ನಿನ್ನ ನೋಡ್ಲಿ. ಕೆಂಪು ನೇಲ್ ಪಾಲಿಶ್ ಬ್ಯಾಡ, ಗಿರ್ಮಿಟ್ ಹೌಹಾರ್ತಾಳ, ಬಳೀನೂ ತಗದಿಡು. ಹೊರಗ ಬಿಡೂದು ನಾ ಹೇಳಿದಾಗ, ಫ್ಯಾನ್ ಬಂದ್ ಮಾಡಿ, ಕಿಡಕಿ ಹಾಕಿ ಪರದೆ ಎಳದು, ಬೆಕ್ಕು ಎಲ್ಲೈತಿ ನೋಡಿ. ನಾನ್‌ಸ್ಟಿಕ್ ತವಾ ಹುಡುಕಬ್ಯಾಡ, ಅದು ಅತಿ ಕಾದ್ರ ಬರೋ ಹೊಗಿ ಹಕ್ಕಿ ಜೀವಾ ತಗೀತೈತಿ, ಕಬ್ಬಿಣದ ಹಂಚಿನ ದ್ವಾಸಿನ ತಿನ್ನು. ಚಾಕಲೇಟ್ ಚೂರೂ ಹಾಕಬ್ಯಾಡ, ವಿಷ ಅವುಕ್ಕ. ಮೆಂತೆ ಸೊಪ್ಪು ಕೊಡು, ತೊಳದು.

ಹೆಚ್ಚಿನ ಚಿಂತಿ ಪಟಾಕ್ಷಿದು. ಕತ್ಲಾಗ ಒಮ್ಮಿಗೇ ಸಪ್ಪಳಾದ್ರ ಬಜಿ ದಿಕ್ಕ ತಪ್ಪಿ ಕೇಜಿಗೆ ಬಡ್ಕೊಂಡು ರೆಕ್ಕಿ ಮುರ್ಕೋತಾವ. ಮೂರು ದಿನಾ ಕೇಜು ದೇವರ ಖೋಲಿ ಹಿಂದಿನ ಸಣ್ಣ ಖೋಲ್ಯಾಗ ಇರ್ತೈತಿ, ಮೂರು ಬಾಜು ಅರಿವಿ ಮುಚ್ಚಿ, ಸಣ್ಣ ಲೈಟ್ ಹಚ್ಚಿ. ನಾ ಮಷೀನೂ ಅಲ್ಲೇ ಒಯ್ತೇನಿ. ಅವು ಗಾಬ್ರಿ ಬಿಟ್ಟು ಕಟಕಟ ಕೊಕ್ಕು ತೇಯಾಕತ್ತಿದ್ರ ನಿದ್ದಿಗೆ ಹೊಂಟಾವ ಅಂತ ತಿಳ್ಕೊ, ಹಲ್ಲು ಕಡಿದ್ರ ಹುಳ ಆಗ್ಯಾವ ಅಂತ ನಿಮ್ಮಜ್ಜಿ ಅಂದಂಗ ಅನಬ್ಯಾಡ.

ಬರೋವಾಗ ಕನ್ನಡಿ ಗಿನ್ನಡಿ ಆಟದ ಸಾಮಾನು ತರಬ್ಯಾಡ, ಕನ್ನಡ್ಯಾಗಿಂದು ಇನ್ನೊಂದು ಹಕ್ಕಿ ಅಂತ ತಿಳ್ಕೊಂಡು ಅದಕ್ಕ ಅಂಟ್ಕೊಂಡ ಕುಂದರ್ತಾವ. ಈ ವರ್ಷದ ಹೊಸಾ ನವಣಿ ತೆನಿ ಮಾವ ಕಳಿಸ್ಯಾನ, ಮಷೀನಿನ ಡ್ರಾದಾಗ ನಿನಗಂತ ಎಂಟು ತಗದಿಟ್ಟೇನಿ. ಮಷೀನ್ ನಿಲ್ಲಿಸಿ ಭಾಳ ಹೊತ್ತಾತು, ಎರಡೂ ಸುಮ್ಮಾಗಿ ತಲಿ ಓರಿ ಮಾಡಿ ನನ್ನ ನೋಡಾಕತ್ತಾವ, ಇನ್ನ ಮೂರು ಬ್ಲೌಸ್‌ಗೆ ತೋಳು ಹಚ್ಚೋದೈತಿ, ಶುರು ಮಾಡ್ತೇನಿ.

ನಿನ್ನ
ಅವ್ವ