ಅದ್ದೂರಿ ತೆರೆ ಬಿದ್ದದ್ದು ರಾತ್ರಿ ಎರಡಕ್ಕೆ

ಮಾನ್ಯ ಸಂಪಾದಕರೇ,

ನಮ್ಮ ಬಡಾವಣೆ ಮೈದಾನದ ಟೆನಿಸ್ ಬಾಲ್ ಟೂರ್ನಿಗೆ ‘ಅದ್ದೂರಿ ತೆರೆ’ ಅಂತ ಮಂಗಳವಾರ ಫೋಟೊ ಸಮೇತ ಹಾಕಿದ್ದೀರಿ. ತೆರೆ ಬಿದ್ದದ್ದು ರಾತ್ರಿ ಎರಡು ಗಂಟೆಗೆ ಅನ್ನೋದು ಮಾತ್ರ ವರದಿಯಲ್ಲಿ ಇಲ್ಲ. ನಿಮ್ಮವರು ಫೋಟೊ ತೆಗೆದು ಮನೆಗೆ ಹೋದರು, ನಾವೆಲ್ಲಿಗೆ ಹೋಗೋಣ? ನಮ್ಮ ಮನೆ ಇರೋದೇ ಬೌಂಡರಿ ಗೆರೆ ಪಕ್ಕ.

ಮೂರು ರಾತ್ರಿ ಆ ಲೈಟೆಲ್ಲ ನೇರ ನಮ್ಮ ಕಿಟಕಿಗೆ. ಸಿಕ್ಸರ್‌ಗೊಂದು ಡಿಜೆ ಹಾಡು, ವಿಕೆಟ್‌ಗೊಂದು, ವೈಡ್ ಹಾಕಿದರೂ ಕಾಮೆಂಟರಿಯವನ ಕವಿತ್ವ. ರಾತ್ರಿ ಹತ್ತರ ಮೇಲೆ ಧ್ವನಿವರ್ಧಕ ಹಾಕಬಾರದು, ವಸತಿ ಪ್ರದೇಶದಲ್ಲಿ ಸದ್ದು 45 ಡೆಸಿಬಲ್ ಮೀರಬಾರದು ಅಂತ 2000ನೇ ಇಸವಿಯಲ್ಲೇ ನಿಯಮ ಬಂದಿದೆ. ಇವರು 45 ಅಂದರೆ ಓಪನರ್ ಹೊಡೆದ ರನ್ ಅಂದುಕೊಂಡಿರಬೇಕು. ಮಗಳಿಗೆ ಬೆಳಿಗ್ಗೆ ಪಿಯು ಪ್ರಾಕ್ಟಿಕಲ್, ಅತ್ತೆಗೆ ಬಿಪಿ, ಗೇಟಿಗೆ ಅಡ್ಡ ಯಾರದ್ದೋ ಬೈಕುಗಳು. ಸಾಲದ್ದಕ್ಕೆ ಫೈನಲ್‌ನ ಒಂದು ಸಿಕ್ಸ್‌ಗೆ ಹೆಂಚು ಒಡೆಯಿತು. ಕಾಂಪೌಂಡ್ ಹಾರಿ ಬಂದ ಹುಡುಗ ದಾಸವಾಳದ ಗಿಡ ತುಳಿದುಕೊಂಡು ನಿಂತು ‘ಆಂಟಿ, ಬಾಲ್ ಕೊಡಿ’ ಅಂತಾನೆ. ಹೆಂಚಿನ ದುಡ್ಡು ಕೇಳಿದರೆ ‘ಕಮಿಟಿಯವರನ್ನ ಕೇಳಿ’.

ನಾನೇನು ಕ್ರಿಕೆಟ್ ವಿರೋಧಿ ಅಲ್ಲ. 2024ರ ಜನವರಿಯಲ್ಲಿ ಇದೇ ಶಿವಮೊಗ್ಗದ ನವುಲೆಯಲ್ಲಿ 19 ವರ್ಷದೊಳಗಿನವರ ಕೂಚ್ ಬೆಹಾರ್ ಟ್ರೋಫಿ ಫೈನಲ್ ನಡೆದು, ನಮ್ಮ ಕರ್ನಾಟಕದ ಪ್ರಖರ್ ಚತುರ್ವೇದಿ ಮುಂಬೈ ಮೇಲೆ ಔಟಾಗದೆ 404 ಹೊಡೆದಾಗ ನಮಗೂ ಖುಷಿಯಾಗಿತ್ತು. ಆ ಹುಡುಗ ಅಷ್ಟೂ ರನ್ ಹೊಡೆದದ್ದು ಹಗಲು ಹೊತ್ತಲ್ಲೇ, ಡಿಜೆ ಇಲ್ಲದೆ.

ಅನುಮತಿ ಕೊಟ್ಟವರು ಯಾರು ಅಂತ ಒಂದು ಕಚೇರಿಗೆ ಫೋನ್ ಮಾಡಿದರೆ ಇನ್ನೊಂದರ ನಂಬರ್ ಕೊಟ್ಟರು. ಅಲ್ಲಿ ‘ಸಾಹೇಬರು ಊರಲ್ಲಿಲ್ಲ’. ನೀವು ಹಾಕಿದ ಫೋಟೊದಲ್ಲಿ ಎಡದಿಂದ ಮೂರನೆಯವರು, ಕಪ್ ಹಿಡಿದುಕೊಂಡು ನಿಂತವರು, ಅದೇ ಸಾಹೇಬರು! ಚರಂಡಿಗೆ ಚಪ್ಪಡಿ ಹಾಕಿಸಿ ಅಂತ ಮೂರು ವರ್ಷದಿಂದ ಅರ್ಜಿ ಕೊಡುತ್ತಿದ್ದೇನೆ, ಕಳೆದ ಮಳೆಗಾಲದಲ್ಲಿ ಎದುರು ಮನೆ ಅಜ್ಜ ಬಿದ್ದು ಕಾಲು ಮುರಿದುಕೊಂಡರೂ ಯಾರೂ ಬರಲಿಲ್ಲ. ನಮ್ಮ ಬೀದಿಯಲ್ಲಿ ಉರಿಯೋದು ಒಂದೇ ದೀಪ. ಮೈದಾನಕ್ಕೆ ಮಾತ್ರ ಒಂದೇ ದಿನದಲ್ಲಿ ಆರು ಕಂಬ ಎದ್ದವು.

ಇನ್ನು ಮುಂದೆ ಇಲ್ಲಿ ರಾತ್ರಿ ಮ್ಯಾಚ್ ಬೇಡ. ಆಡಲೇಬೇಕು ಅಂದರೆ ಬಲೆಯಾದರೂ ಕಟ್ಟಿ, ಅದೂ ಆಗಲ್ಲ ಅಂದರೆ ಆ ಚರಂಡಿಯನ್ನಾದರೂ ಮುಚ್ಚಿಸಿ. ಏನಾದರೂ ಒಂದು ಮಾಡಿ ಮಾರಾಯ್ರೆ. ‘ಸಂಬಂಧಪಟ್ಟವರು ಗಮನಿಸಲಿ’ ಅಂತ ಮಾತ್ರ ಕೆಳಗೆ ಹಾಕಬೇಡಿ, ಅವರು ಗಮನಿಸಿಯೇ ಕಪ್ ಕೊಟ್ಟು ಹೋಗಿದ್ದಾರೆ. ಹೆಂಚಿನ ದುಡ್ಡು ಇನ್ನೂ ಬಂದಿಲ್ಲ.

– ಬೌಂಡರಿ ಪಕ್ಕದ ಮನೆಯವರು, ಶಿವಮೊಗ್ಗ