ಮಗಳಿಗೊಂದು ಪತ್ರ: ರಿಪೋರ್ಟಿನಲ್ಲಿರುವ ‘ನಾರ್ಮಲ್’ ಬಗ್ಗೆ

ಪುಟ್ಟೀ,

ಮೊನ್ನೆ ರಾತ್ರಿ ಫೋನಿನಲ್ಲಿ ನೀನು ಕೇಳಿದ್ದು ಇನ್ನೂ ಕಿವಿಯಲ್ಲೇ ಇದೆ. "ಅಮ್ಮ, ಸ್ಕ್ಯಾನ್‌ನಲ್ಲಿ ಎಲ್ಲ ನಾರ್ಮಲ್ ಅಂತ ಬಂದಿದೆ. ಹಾಗಾದ್ರೆ ಆಟಿಸಂ, ಎಡಿಎಚ್‌ಡಿ ಎರಡೂ ಇದೆ ಅಂದಿದ್ದು ಸುಳ್ಳಾ? ನಾನು ಬರೀ ಸೋಮಾರಿನಾ?" ನನಗೆ ಏನು ಹೇಳಬೇಕೋ ತೋಚಲಿಲ್ಲ. ಸುಮ್ನೆ ಮಲಗು ಅಂದುಬಿಟ್ಟೆ. ಅದು ಉತ್ತರ ಅಲ್ಲ. ಆಮೇಲೆ ಮೂರು ದಿನ, ಕೆಲಸ ಮುಗಿದ ಮೇಲೆ ಕೂತು ಓದಿದೆ. ಅರ್ಥವಾದಷ್ಟು ಬರೆಯುತ್ತೇನೆ.

ಮೊದಲನೆಯದಾಗಿ, ಆ ಸ್ಕ್ಯಾನ್ ಮಾಡಿಸಿದ್ದು ನಿನ್ನ ತಲೆನೋವಿಗೆ. ಗಡ್ಡೆ ಇದೆಯಾ, ರಕ್ತ ಸೋರಿದೆಯಾ, ಊತ ಇದೆಯಾ ಅಂತ ನೋಡಿದರು. ಯಾವುದೂ ಇಲ್ಲ. ಅಷ್ಟೇ ಆ ‘ನಾರ್ಮಲ್’ ಅನ್ನುವ ಪದದ ಅರ್ಥ. ಜನರ ಜೊತೆ ಬೆರೆಯುವ, ಸುತ್ತಲಿನದನ್ನು ಗ್ರಹಿಸುವ ರೀತಿಯೇ ಬೇರೆಯಾಗಿರುವ ಆಟಿಸಂ ಆಗಲಿ, ಗಮನ ನಿಲ್ಲಿಸುವುದು, ಸುಮ್ಮನಿರುವುದು ಕಷ್ಟವಾಗುವ ಎಡಿಎಚ್‌ಡಿ ಆಗಲಿ ಸ್ಕ್ಯಾನ್ ನೋಡಿ ಹೇಳುವಂಥದ್ದಲ್ಲ. ಚಿಕ್ಕಂದಿನಿಂದ ನೀನು ಹೇಗಿದ್ದೆ ಅಂತ ನಮ್ಮನ್ನು ಕೇಳಿ, ನಿನ್ನ ಜೊತೆ ಗಂಟೆಗಟ್ಟಲೆ ಕೂತು ಮಾತಾಡಿ ಹೇಳಿದರಲ್ಲ, ಅದೇ ಸರಿಯಾದ ದಾರಿ. ಈ ರಿಪೋರ್ಟು ಅದನ್ನು ಸುಳ್ಳು ಮಾಡುವುದಿಲ್ಲ.

ಹಾಗಂತ ಮೆದುಳಿನಲ್ಲಿ ವ್ಯತ್ಯಾಸವೇ ಇಲ್ಲ ಅಂತಲ್ಲ. ಎನಿಗ್ಮಾ ಅಂತ ಒಂದು ತಂಡವಿದೆ, ಹಲವು ದೇಶಗಳ ಸಂಶೋಧಕರು ತಮ್ಮಲ್ಲಿರುವ ಸ್ಕ್ಯಾನ್‌ಗಳನ್ನೆಲ್ಲ ಒಟ್ಟು ಹಾಕಿ ಅಳೆಯುತ್ತಾರೆ. 2017ರಲ್ಲಿ ಎಡಿಎಚ್‌ಡಿ ಇರುವ 1,713 ಜನರನ್ನು, ಇಲ್ಲದ 1,529 ಜನರ ಜೊತೆ ಹೋಲಿಸಿದರು. ಮರುವರ್ಷ ಆಟಿಸಂ ಇರುವ 1,571 ಜನರ ಸ್ಕ್ಯಾನ್‌ಗಳ ಲೆಕ್ಕ ಬಂತು. ಮೆದುಳಿನ ಒಳಗೆ ಆಳದಲ್ಲಿರುವ ಮೂರು ಭಾಗಗಳು ಎರಡು ಲೆಕ್ಕದಲ್ಲೂ ಸರಾಸರಿಯಲ್ಲಿ ಕೊಂಚ ಚಿಕ್ಕದಾಗಿ ಕಂಡಿವೆ. ಒಂದು ಅಮಿಗ್ಡಲಾ, ಭಯ, ಆತಂಕಗಳಿಗೆ ಸಂಬಂಧಪಟ್ಟದ್ದು. ಇನ್ನೊಂದು ಅಕ್ಯುಂಬೆನ್ಸ್, ಕೆಲಸಕ್ಕೆ ಕೈಹಾಕುವ ಹುರುಪು, ಮಾಡಿದ ಮೇಲಿನ ಖುಷಿ ಇವುಗಳಲ್ಲಿ ಅದರ ಪಾಲಿದೆ. ಮೂರನೆಯದು ಪುಟಾಮೆನ್, ಚಲನೆಗೆ, ಅಭ್ಯಾಸಗಳಿಗೆ ಬೇಕಾದದ್ದು. ಆಟಿಸಂ ಇರುವವರಲ್ಲಿ ಹಣೆಯ ಹಿಂದಿನ ಹೊರಪದರ ಸರಾಸರಿಯಲ್ಲಿ ಸ್ವಲ್ಪ ದಪ್ಪ, ಕಿವಿಯ ಮೇಲ್ಭಾಗದ್ದು ಸ್ವಲ್ಪ ತೆಳು ಅಂತಲೂ ಕಂಡುಬಂತು.

ಈ ‘ಸರಾಸರಿ’ ಅನ್ನುವ ಮಾತನ್ನು ಗಟ್ಟಿಯಾಗಿ ಹಿಡಿದುಕೋ. ಅಜ್ಜನ ಅಡಿಕೆ ತೋಟ ಮತ್ತು ಪಕ್ಕದವರ ತೋಟ ನೆನಪಿಸಿಕೋ. ಸಾವಿರ ಗೊನೆ ಎಣಿಸಿದರೆ ಒಂದು ತೋಟದ್ದು ಒಂದೆರಡು ಕಾಯಿ ಜಾಸ್ತಿ ಅಂತ ಬರಬಹುದು, ಆದರೆ ಒಂದೇ ಗೊನೆ ಕೈಗೆ ಕೊಟ್ಟು ಇದು ಯಾರ ತೋಟದ್ದು ಅಂದರೆ ಅಜ್ಜನಿಗೂ ಹೇಳಲಾಗುವುದಿಲ್ಲ, ಅಲ್ವಾ? ಇಲ್ಲೂ ಅಷ್ಟೇ. ಸಾವಿರಾರು ಜನರನ್ನು ಸೇರಿಸಿದಾಗ ಮಾತ್ರ ಕಾಣುವಷ್ಟು ಸಣ್ಣ ವ್ಯತ್ಯಾಸ ಅದು. ನಿನ್ನೊಬ್ಬಳ ಚಿತ್ರದಲ್ಲಿ ಯಾವ ಡಾಕ್ಟರಿಗೂ ಕಾಣಲಿಕ್ಕಿಲ್ಲ.

ನನ್ನ ಎದೆಗೆ ನಾಟಿದ್ದು ಇನ್ನೊಂದು ಅಧ್ಯಯನ. 2007ರದ್ದು, ಅಮೆರಿಕದ ರಾಷ್ಟ್ರೀಯ ಮಾನಸಿಕ ಆರೋಗ್ಯ ಸಂಸ್ಥೆಯಲ್ಲಿ ಮಾಡಿದ್ದು. ಮಕ್ಕಳ ಮೆದುಳಿನ ಹೊರಪದರ ದಪ್ಪವಾಗುತ್ತಾ ಹೋಗಿ ಒಂದು ಹಂತ ಮುಟ್ಟಿ ಆಮೇಲೆ ತೆಳುವಾಗುತ್ತದಂತೆ. ಎಡಿಎಚ್‌ಡಿ ಇಲ್ಲದ ಮಕ್ಕಳಲ್ಲಿ ಹೊರಪದರದ ಅರ್ಧ ಭಾಗ ಆ ಹಂತ ಮುಟ್ಟುವುದು ಸುಮಾರು 7.5 ವರ್ಷಕ್ಕೆ. ಎಡಿಎಚ್‌ಡಿ ಇರುವ ಮಕ್ಕಳಲ್ಲಿ 10.5ಕ್ಕೆ. ಮೂರು ವರ್ಷ ತಡ. ಗಮನ, ಯೋಜನೆ ಇವನ್ನೆಲ್ಲ ನೋಡಿಕೊಳ್ಳುವ ಹಣೆಯ ಭಾಗದಲ್ಲೇ ತಡ ಜಾಸ್ತಿ. ಕೈಕಾಲು ಆಡಿಸುವ ಭಾಗ ಮಾತ್ರ ಸ್ವಲ್ಪ ಬೇಗ. ಇದನ್ನು ಓದಿದಾಗ ನಿನ್ನ ನಾಲ್ಕನೇ ಕ್ಲಾಸು ಕಣ್ಣೆದುರು ಬಂತು. ಆ ವರ್ಷ ಐದನೇ ಜಾಮಿಟ್ರಿ ಬಾಕ್ಸ್ ಕಳೆದಾಗ ನಿನ್ನನ್ನು ಬಾಗಿಲ ಹೊರಗೆ ನಿಲ್ಲಿಸಿದ್ದೆ. "ಬೇರೆ ಮಕ್ಕಳಿಗೆ ಆಗುತ್ತೆ, ನಿಂಗ್ಯಾಕೆ ಆಗಲ್ಲ" ಅಂದಿದ್ದೆ. ತಪ್ಪು ಮಾಡಿದೆ ಕಂದ. ಕ್ಷಮಿಸು.

ಎರಡೂ ಒಟ್ಟಿಗೆ ಇದ್ದವರ ಮೆದುಳು ಹೇಗಿರುತ್ತದೆ ಅಂತ ಹುಡುಕಿದೆ. ಅಲ್ಲಿ ಕೆಲಸ ಕಡಿಮೆ ಆಗಿದೆ. ಕಾರಣ ಓದಿ ಸಿಟ್ಟು ಬಂತು. ಇಂಥವನ್ನು ಗುರುತಿಸಲು ಅಮೆರಿಕದ ಡಿಎಸ್‌ಎಂ ಅನ್ನುವ ಕೈಪಿಡಿಯನ್ನು ಎಷ್ಟೋ ದೇಶಗಳ ಡಾಕ್ಟರುಗಳು ನೋಡುತ್ತಾರೆ. ಆಟಿಸಂ ಇದ್ದರೆ ಎಡಿಎಚ್‌ಡಿ ಅನ್ನುವ ಹಾಗಿಲ್ಲ ಅಂತ 2013ರವರೆಗೂ ಅದರಲ್ಲಿತ್ತು. ಆ ವರ್ಷದ ಐದನೇ ಆವೃತ್ತಿಯಲ್ಲಿ ತೆಗೆದರು. ಹಾಗಾಗಿ ವರ್ಷಗಟ್ಟಲೆ ಸಂಶೋಧನೆಗಳಲ್ಲೂ ಎರಡನ್ನೂ ಬೇರೆ ಬೇರೆ ಇಟ್ಟರು, ಎರಡೂ ಇದ್ದವರನ್ನು ಎಷ್ಟೋ ಕಡೆ ಹೊರಗೇ ಬಿಟ್ಟರು. ನಿನಗೆ ಆರು ವರ್ಷ ಇದ್ದಾಗ ನಾವು ಹೋದ ಡಾಕ್ಟರು "ಎರಡೂ ಇರಲ್ಲ, ಯಾವುದಾದ್ರೂ ಒಂದೇ" ಅಂದಿದ್ದು ಅದೇ ಹಳೆಯ ನಿಯಮದ ಮಾತು. ಅದರ ಮೇಲೆ, ಸ್ಕ್ಯಾನ್ ಮಾಡಿಸಿಕೊಂಡವರಲ್ಲಿ ಹುಡುಗರೇ ಜಾಸ್ತಿ.

ಇನ್ನೊಂದು ವಿಷಯ. ಅವತ್ತು ನೀನು ಎರಡು ಸಲ ಅಲುಗಾಡಿದೆ ಅಂತ ಮತ್ತೆ ತೆಗೆದರಲ್ಲ? ಅಲುಗಾಡಿದರೆ ಚಿತ್ರದಲ್ಲಿ ಹೊರಪದರ ಇರುವುದಕ್ಕಿಂತ ತೆಳುವಾಗಿ ಕಾಣುತ್ತದಂತೆ. ಅದಕ್ಕೇ ಸಂಶೋಧಕರು ಅಲುಗಾಡಿದ ಚಿತ್ರಗಳನ್ನು ತೆಗೆದುಹಾಕುತ್ತಾರೆ. ಅಂದರೆ ಸುಮ್ಮನೆ ಮಲಗಲು ತೀರಾ ಕಷ್ಟಪಡುವ ಮಕ್ಕಳೇ ಎಷ್ಟೋ ಸಲ ಲೆಕ್ಕದಿಂದ ಬಿದ್ದುಹೋಗುತ್ತಾರೆ. ನಿನ್ನಂಥವರೇ ಇಲ್ಲದ ಲೆಕ್ಕದಲ್ಲಿ ನಿನ್ನನ್ನು ಹುಡುಕಿದರೆ ಹೇಗೆ ಸಿಗುತ್ತೀಯ?

ನಾನು ಹದಿನೇಳು ವರ್ಷ ನೋಡಿದ್ದು ಬೇರೆ. ದಿನಾ ಅದೇ ತಟ್ಟೆ, ಅದೇ ಜಾಗ, ಶೇಂಗಾ ಇಲ್ಲದ ಚಿತ್ರಾನ್ನವೇ ಬೇಕು, ಆಮೇಲೆ ಒಂದು ಬೆಳಿಗ್ಗೆ ಅದರ ವಾಸನೆಯೇ ಆಗುವುದಿಲ್ಲ. ನಾಲ್ಕು ಬಣ್ಣದ ಪೆನ್ನಿನಲ್ಲಿ ಟೈಮ್‌ಟೇಬಲ್ ಬರೆದು ಗೋಡೆಗೆ ಅಂಟಿಸುತ್ತೀಯ, ಮೂರನೇ ದಿನಕ್ಕೆ ಅದು ತಪ್ಪುತ್ತದೆ, ತಪ್ಪಿತು ಅಂತ ನೀನೇ ಅಳುತ್ತೀಯ. ಎಲ್ಲ ಕ್ರಮವಾಗಿಯೇ ಇರಬೇಕು ಅಂತ ಒಂದು ಕಡೆ, ಹೊಸದು ಬೇಕು ಅಂತ ಇನ್ನೊಂದು ಕಡೆ. ಇಬ್ಬರೂ ನಿನ್ನೊಳಗೇ ಇದ್ದು ಕೈ ಹಿಡಿದು ಎಳೆಯುತ್ತಿದ್ದಾರೆ. ಅದರ ನಡುವೆಯೂ ಪಿಯುಸಿ ಓದುತ್ತಿರುವ ಹುಡುಗಿಯನ್ನು ಸೋಮಾರಿ ಅನ್ನಲು ನನಗೆ ಬಾಯಿ ಬರುವುದಿಲ್ಲ. ನೀನೂ ಅನ್ನಬೇಡ.

ಶನಿವಾರ ಊರಿಗೆ ಬಾ. ಕುಕ್ಕರ್ ನೀನು ಏಳುವ ಮೊದಲೇ ಕೂಗಿಸಿ ಮುಗಿಸಿರುತ್ತೇನೆ. ಸ್ಕ್ಯಾನ್ ಮೆಷಿನ್ನಿನ ಸದ್ದಿನಲ್ಲಿ ಒಂದು ತಾಳ ಇತ್ತು, ಅದನ್ನು ಎಣಿಸುತ್ತಾ ಮಲಗಿದ್ದೆ ಅಂತ ಅವತ್ತು ಹೇಳಲು ಹೊರಟಿದ್ದೆಯಲ್ಲ, ನಾನು ಅಪ್ಪನ ಜೊತೆ ಫೋನಿನಲ್ಲಿದ್ದೆ, ಕೇಳಿಸಿಕೊಳ್ಳಲಿಲ್ಲ. ಎಷ್ಟರವರೆಗೆ ಎಣಿಸಿದೆ?

ನಿನ್ನ
ಅಮ್ಮ